ಕಬ್ಬು ತೂಗುತ್ತಿದ್ದ ವಕೀಲ

1997ರ ಜನವರಿ 26. ಮದ್ದೂರು ಸೀಮೆಯಲ್ಲಿ ಅವತ್ತು ಟಿ.ವಿ. ಇದ್ದ ಮನೆಗಳ ಜಗಲಿಯಲ್ಲೆಲ್ಲ ಚಪ್ಪಲಿ ರಾಶಿ. ನಮ್ಮ ಕಡೆಯವರೊಬ್ಬರು ಪ್ರಧಾನಿಯಾಗಿ ದೆಹಲಿಯ ಪೆರೇಡಿಗೆ ಹೋಗಿದ್ದಾರೆ ಅಂದಮೇಲೆ ನೋಡದೆ ಇರುವುದು ಹೇಗೆ? ನಮ್ಮಪ್ಪನಿಗೆ ಟ್ಯಾಂಕು, ಒಂಟೆ, ಸ್ತಬ್ಧಚಿತ್ರ ಯಾವುದೂ ಬೇಕಿರಲಿಲ್ಲ. ದೇವೇಗೌಡರ ಮುಖ ಬಂದಾಗ ಮಾತ್ರ ಕುರ್ಚಿಯ ತುದಿಗೆ ಬರುತ್ತಿದ್ದರು.

“ಗೌಡ್ರ ಜೊತೆ ಕೂತವ್ರಲ್ಲ, ಬೆಳ್ಳಿಕೂದ್ಲೋರು, ಯಾರ್ಲಾ ಅದು?”

“ಟ್ರಿನಿಡಾಡಿನ ಪ್ರಧಾನಿ ಕಣಪ್ಪಾ. ಪಾಂಡೆ ಅಂತ. ಅವ್ರ ಹಿರೀಕರು ನಮ್ ದೇಶದಿಂದ್ಲೇ ಕಬ್ಬಿನ ಗದ್ದೆ ಕೂಲಿಗೆ ಹೋದೋರು. ಇವ್ರೂ ವಯಸ್ನಲ್ಲಿ ಕಬ್ಬು ತೂಕ ಹಾಕ್ತಿದ್ರಂತೆ.”

ಅಪ್ಪ ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದರು.

“ಕಬ್ಬು ತೂಗ್ತಿದ್ನಾ? ಹಂಗಾದ್ರೆ ಗೌಡ್ರಿಗೆ ವಸಿ ಹುಷಾರಾಗಿರಕ್ ಹೇಳು.”

ಅಪ್ಪನ ಈ ಮಾತಿಗೆ ಕಾರಣವಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಹಂಗಾಮಿನಲ್ಲಿ ನಮ್ಮ ಎತ್ತಿನ ಗಾಡಿ ಕಾರ್ಖಾನೆಯೊಂದರ ಮುಂದೆ ರಾತ್ರಿಯಿಡೀ ಸಾಲಿನಲ್ಲಿ ನಿಂತಿತ್ತು. ಕಡಿದ ಕಬ್ಬು ಹೊತ್ತು ಹೋದಷ್ಟೂ ಒಣಗುತ್ತದೆ, ಒಣಗಿದಷ್ಟೂ ತೂಕ ಇಳಿಯುತ್ತದೆ. ಮಾರನೆಯ ಮಧ್ಯಾಹ್ನ ನಮ್ಮ ಸರದಿ ಬಂದಾಗ ಕಿಟಕಿಯೊಳಗಿನ ಗುಮಾಸ್ತ ತಲೆಯೆತ್ತದೆ ಗರಿಗಿಷ್ಟು, ಹಗ್ಗಕ್ಕಿಷ್ಟು ಎಂದು ಕಳೆದು ಚೀಟಿ ಕೊಟ್ಟ: 1 ಟನ್ 640 ಕೆ.ಜಿ. “ಎಲ್ಡು ಟನ್ ಮೇಲಿತ್ತಲ್ಲ ಸ್ವಾಮಿ” ಎಂದರು ಅಪ್ಪ. “ಮುಂದಕ್ ನಡೀರಿ” ಎಂದ. ಅಷ್ಟೇ. ನಾನು ವಕೀಲನಾದ ಮೇಲೆ ಒಂದು ದಿನ, ಅವತ್ತೇ ಕೇಸು ಹಾಕಬಹುದಿತ್ತು ಎಂದೆ. “ಕೇಸ್ ಹಾಕುದ್ರೆ ಮುಂದಿನ್ ವರ್ಸ ಕಟಾವಿನ ಪರ್ಮಿಟ್ಟು ನಿಮ್ಮಪ್ಪ ಕೊಡ್ತಾನಾ?” ಎಂದು ಕೇಳಿದವರು ಸಾಕ್ಷಾತ್ ನಮ್ಮಪ್ಪನೇ.

ಆ ಚೀಟಿ ಈಗಲೂ ನನ್ನ ಹಳೆಯ ಫೈಲೊಂದರಲ್ಲಿದೆ. ತಕ್ಕಡಿಯ ಆಚೆ ಬದಿಯಲ್ಲಿ ಕೂತವನೊಬ್ಬ ಈಚೆ ಬದಿಗೆ ಬಂದು, ಕಬ್ಬಿನವರ ವಕೀಲನಾಗಿ, ಕಡೆಗೆ ದೇಶದ ಪ್ರಧಾನಿಯೇ ಆದ ಎನ್ನುವುದು ಅದಕ್ಕೇ ನನ್ನ ತಲೆಯಿಂದ ಹೋಗಲಿಲ್ಲ. ಅಲ್ಲಿಂದಾಚೆಗೆ ಬಾಸ್‌ದೇವ್ ಪಾಂಡೆಯವರ ಸುದ್ದಿ ಎಲ್ಲಿ ಸಿಕ್ಕರೂ ಓದಿದ್ದೇನೆ, ಇನ್ನೊಬ್ಬ ವಕೀಲನ ಕೇಸುಕಟ್ಟು ಓದುವ ಹಾಗೆ. ಓದುತ್ತಾ ಓದುತ್ತಾ ನನಗನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎದುರಾಳಿ ಇದ್ದಾಗ ಈ ಮನುಷ್ಯನಷ್ಟು ಚುರುಕಾದವರು ಇರಲಿಲ್ಲ. ಎದುರಾಳಿ ಇಲ್ಲದಾಗ ತಮ್ಮ ಪಕ್ಕದಲ್ಲಿದ್ದವರನ್ನೇ ಎದುರಾಳಿ ಮಾಡಿಕೊಳ್ಳುತ್ತಿದ್ದರು.

ಟ್ರಿನಿಡಾಡ್ ಎಂದರೆ ನಮಗೆ ಕ್ರಿಕೆಟ್ಟು. 1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಮ್ಮವರು 403ರ ಗುರಿ ಬೆನ್ನಟ್ಟಿ ಗೆದ್ದರಲ್ಲ, ವಿಶ್ವನಾಥ್ 112 ಹೊಡೆದು, ಬ್ರಿಜೇಶ್ ಪಟೇಲ್ ಔಟಾಗದೆ ನಿಂತು, ಆ ಊರು. ಟ್ರಿನಿಡಾಡ್, ಟೊಬೆಗೊ ಎರಡೂ ದ್ವೀಪ ಸೇರಿಸಿದರೆ ಹೆಚ್ಚುಕಡಿಮೆ ನಮ್ಮ ಮಂಡ್ಯ ಜಿಲ್ಲೆಯಷ್ಟು ನೆಲ. ಜನ ನಮಗಿಂತ ಕಡಿಮೆ, 14 ಲಕ್ಷದ ಆಸುಪಾಸು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. 1845ರ ಮೇ 30ರಂದು ‘ಫತೇಲ್ ರಜಾಕ್’ ಹಡಗು ಕಲ್ಕತ್ತೆಯಿಂದ ಇನ್ನೂರಿಪ್ಪತ್ತೈದು ಜನರನ್ನು ತಂದು ಇಳಿಸಿತು. 1917ರಲ್ಲಿ ಈ ಕರಾರು ಕೂಲಿ ನಿಲ್ಲುವ ಹೊತ್ತಿಗೆ ಬಂದವರ ಲೆಕ್ಕ 1.4 ಲಕ್ಷ ದಾಟಿತ್ತು. ಹೆಚ್ಚಿನವರು ಬಿಹಾರ, ಪೂರ್ವ ಉತ್ತರ ಪ್ರದೇಶದವರು; ಮದ್ರಾಸಿನಿಂದ ಹಡಗು ಹತ್ತಿದವರೂ ಇದ್ದರು. 2011ರ ಜನಗಣತಿಯಲ್ಲಿ ಭಾರತೀಯ ಮೂಲದವರು ನೂರಕ್ಕೆ 35, ಆಫ್ರಿಕನ್ ಮೂಲದವರು 34. ಈ ಎರಡು ಅಂಕಿ ನೆನಪಿಟ್ಟುಕೊಂಡರೆ ಅಲ್ಲಿನ ರಾಜಕೀಯದ ಅರ್ಧ ಅರ್ಥವಾದ ಹಾಗೆ.

ಪಾಂಡೆ ಹುಟ್ಟಿದ್ದು 1933ರ ಮೇ 25ರಂದು, ಪ್ರಿನ್ಸೆಸ್ ಟೌನ್ ಪಕ್ಕದ ಸೇಂಟ್ ಜೂಲಿಯನ್ ಎಂಬ ಹಳ್ಳಿಯಲ್ಲಿ. ನಮ್ಮ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದೂ ಅದೇ ವರ್ಷ. ನಮ್ಮ ವಾಸುದೇವನೇ ಭೋಜಪುರಿಯವರ ಬಾಯಲ್ಲಿ ಬಾಸ್‌ದೇವ್, ಇಂಗ್ಲಿಷ್ ಕಾಗದದಲ್ಲಿ ಬಾಸ್‌ಡಿಯೊ, ಊರ ಜನಕ್ಕೆ ಬರೀ ‘ಬಾಸ್’. ಸ್ಯಾನ್ ಫರ್ನಾಂಡೊ ಪಟ್ಟಣದ ಕ್ಯಾಥೊಲಿಕ್ ಕಾಲೇಜಿನಲ್ಲಿ ಓದು. ಆಮೇಲೆ ಕಬ್ಬು ತೂಗುವ ಕೆಲಸ, ಸ್ವಲ್ಪ ಕಾಲ ಮೇಷ್ಟರಿಕೆ, ಅದಾದ ಮೇಲೆ ಅದೇ ಪಟ್ಟಣದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಡೆದದ್ದನ್ನೆಲ್ಲ ಬರೆದುಕೊಳ್ಳುವ ಗುಮಾಸ್ತಿಕೆ. ಈ ಕೊನೆಯ ಕೆಲಸ ದೊಡ್ಡ ಶಾಲೆ ಎಂದು ನಾನು ಬಲ್ಲೆ. ಪಾಟೀಸವಾಲಿನಲ್ಲಿ ಸಾಕ್ಷಿ ಎಲ್ಲಿ ತಡವರಿಸಿದ, ಯಾವ ವಕೀಲ ಎಲ್ಲಿ ಸುಮ್ಮನಾದ ಎಂಬುದನ್ನು ಕಪ್ಪು ಕೋಟಿನವರಿಗಿಂತ ಚೆನ್ನಾಗಿ ಕಂಡವನು ಮೂಲೆಯಲ್ಲಿ ಕೂತು ಬರೆಯುವವನು.

1957ರಲ್ಲಿ ಲಂಡನ್ನಿಗೆ ಹೋದರು. ಮೊದಲು ಕಲಿತದ್ದು ಕಾನೂನಲ್ಲ, ನಾಟಕ. ನಾಟಕ ಶಾಲೆಯ ಡಿಪ್ಲೊಮಾ, ಲಿಂಕನ್ಸ್ ಇನ್‌ನಿಂದ ಬ್ಯಾರಿಸ್ಟರ್ ಪದವಿ, ಲಂಡನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪದವಿ, ಮೂರನ್ನೂ ಮುಗಿಸಿದರು. ನಡುವೆ ಸಿನಿಮಾಗಳಲ್ಲಿ ಚಿಕ್ಕಪುಟ್ಟ ಪಾತ್ರ. ಅವುಗಳಲ್ಲೊಂದು ‘ನೈನ್ ಅವರ್ಸ್ ಟು ರಾಮ’, ಗಾಂಧೀಜಿಯ ಹತ್ಯೆಯ ಕುರಿತಾದದ್ದು. ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಿದ್ದರು. ಮುಂದೊಂದು ದಿನ ಗಣರಾಜ್ಯೋತ್ಸವದ ಮುಖ್ಯ ಅತಿಥಿಯಾಗಿ ಬರಲಿದ್ದವರು ಹಾಗೆ ನಿಷೇಧಿತ ಚಿತ್ರವೊಂದರ ಮೂಲೆಯಲ್ಲಿ ನಿಂತಿದ್ದಾರೆ. ದೆಹಲಿಯಲ್ಲಿ ಮುಂದಿನ ಓದಿಗೆ ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಹೋಗುವ ಮುಂಚೆ ಊರು ನೋಡಿಕೊಂಡು ಹೋಗೋಣವೆಂದು 1965ರಲ್ಲಿ ಟ್ರಿನಿಡಾಡಿಗೆ ಬಂದವರು ಅಲ್ಲೇ ಉಳಿದರು.

1966ರ ಮೊದಲ ಚುನಾವಣೆಯಲ್ಲಿ ಠೇವಣಿ ಹೋಯಿತು. ಅವರಿದ್ದ ‘ವರ್ಕರ್ಸ್ ಅಂಡ್ ಫಾರ್ಮರ್ಸ್ ಪಾರ್ಟಿ’ಯಲ್ಲಿ ಸಿ.ಎಲ್.ಆರ್. ಜೇಮ್ಸ್ ಇದ್ದರು, ಕ್ರಿಕೆಟ್ಟಿನ ಮೇಲೆ ಹೆಸರಾಂತ ಪುಸ್ತಕ ಬರೆದ ಅದೇ ಜೇಮ್ಸ್. ವರ್ಗದ ಮಾತಾಡುವ ಪಕ್ಷಕ್ಕೆ ಜನ ಜನಾಂಗ ನೋಡಿ ಓಟು ಹಾಕುವ ನಾಡಿನಲ್ಲಿ ಜಾಗ ಇರಲಿಲ್ಲ. ಇತಿಹಾಸಕಾರ ಎರಿಕ್ ವಿಲಿಯಮ್ಸ್ ಕಟ್ಟಿದ ಪಿ.ಎನ್.ಎಂ. ಪಕ್ಷಕ್ಕೆ ಆಫ್ರಿಕನ್ ಮೂಲದವರ ಓಟು ಗಟ್ಟಿ. 1956ರಿಂದ ಅದೇ ಆಳುತ್ತಿತ್ತು, 1986ರವರೆಗೂ ಅಲುಗಲಿಲ್ಲ. ಎದುರಿದ್ದವರು ಭಾರತೀಯ ಮೂಲದ ನಾಯಕರು. ಅವರಿಗೆ ತಮ್ಮತಮ್ಮೊಳಗೇ ಆಗಿಬರುತ್ತಿರಲಿಲ್ಲ.

ಪಾಂಡೆ ಕಾರ್ಮಿಕ ಸಂಘಗಳಿಗೆ ವಕೀಲರಾದರು, ಎಣ್ಣೆ ಕೆಲಸಗಾರರಿಗೂ, ಕಬ್ಬಿನವರಿಗೂ. 1973ರಲ್ಲಿ ಸಕ್ಕರೆ ಕಾರ್ಮಿಕರ ಸಂಘದ ಅಧ್ಯಕ್ಷಗಿರಿ ಸಿಕ್ಕಿತು. ಅಲ್ಲಿನ ಲೆಕ್ಕ ಸರಳ: ಎಣ್ಣೆ ಬಾವಿಗಳಲ್ಲಿ ದುಡಿಯುವವರು ಹೆಚ್ಚಾಗಿ ಕರಿಯರು, ಕಬ್ಬಿನ ಗದ್ದೆಯಲ್ಲಿ ದುಡಿಯುವವರು ಹೆಚ್ಚಾಗಿ ಭಾರತೀಯರು. ಇಬ್ಬರೂ ಒಂದೇ ದಿನ ಬೀದಿಗಿಳಿದರೆ ಸರ್ಕಾರಕ್ಕೆ ನಡುಕ. 1975ರ ಮಾರ್ಚ್ 18ರಂದು ಅದೇ ಆಯಿತು. ‘ಶಾಂತಿ, ರೊಟ್ಟಿ, ನ್ಯಾಯ’ ಎಂದು ಹೊರಟ ಮೆರವಣಿಗೆಯ ಮೇಲೆ ಪೊಲೀಸರು ಅಶ್ರುವಾಯು ಸಿಡಿಸಿದರು, ಲಾಠಿ ಬೀಸಿದರು. ಎಣ್ಣೆ ಸಂಘದ ಜಾರ್ಜ್ ವೀಕ್ಸ್, ಕಬ್ಬು ಬೆಳೆಗಾರರ ರಫೀಕ್ ಶಾ, ಪಾಂಡೆ ಎಲ್ಲರೂ ಬಂಧನಕ್ಕೊಳಗಾದರು. ಟ್ರಿನಿಡಾಡಿನಲ್ಲಿ ಆ ದಿನಕ್ಕೆ ‘ರಕ್ತಸಿಕ್ತ ಮಂಗಳವಾರ’ ಎಂದೇ ಹೆಸರು. ಆ ಒಗ್ಗಟ್ಟಿನಿಂದ ಹುಟ್ಟಿದ ‘ಯುನೈಟೆಡ್ ಲೇಬರ್ ಫ್ರಂಟ್’ 1976ರ ಸೆಪ್ಟೆಂಬರ್ ಚುನಾವಣೆಯಲ್ಲಿ 36ರಲ್ಲಿ 10 ಸ್ಥಾನ ಗೆದ್ದಿತು. ಪಾಂಡೆ ವಿರೋಧ ಪಕ್ಷದ ನಾಯಕರಾದರು.

ಈ ಹುದ್ದೆಯ ಬಗ್ಗೆ ಒಂದು ಮಾತು. ನಮ್ಮ ಲೋಕಸಭೆಯಲ್ಲಿ 2014ರಿಂದ ಹತ್ತು ವರ್ಷ ಆ ಕುರ್ಚಿ ಖಾಲಿಯೇ ಇತ್ತು, ದೇಶ ನಡೆಯಿತು. ಟ್ರಿನಿಡಾಡಿನಲ್ಲಿ ಹಾಗಾಗದು, ವಿರೋಧ ಪಕ್ಷದ ನಾಯಕನ ಹುದ್ದೆ ಅಲ್ಲಿನ ಸಂವಿಧಾನದಲ್ಲೇ ಇದೆ. ನೇಮಿಸುವವರು ರಾಷ್ಟ್ರಾಧ್ಯಕ್ಷರು. 31 ಜನರ ಸೆನೆಟ್ಟಿನಲ್ಲಿ 16 ಜನ ಪ್ರಧಾನಿ ಹೇಳಿದವರು, 6 ಜನ ಈತ ಹೇಳಿದವರು, ಉಳಿದ 9 ಜನ ಅಧ್ಯಕ್ಷರೇ ಆರಿಸಿದ ಪಕ್ಷಾತೀತರು. ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸುವ ಮುಂಚೆ ಈತನ ಅಭಿಪ್ರಾಯವನ್ನೂ ಕೇಳಲೇಬೇಕು. ಅಂದರೆ ಸೋತವರ ನಾಯಕನಿಗೂ ರಾಜ್ಯಭಾರದಲ್ಲಿ ಒಂದು ಪಾಲು. ಪಾಂಡೆ ಇದನ್ನು ಚೆನ್ನಾಗಿ ಬಲ್ಲವರು. ಒಟ್ಟು ಲೆಕ್ಕ ಹಾಕಿದರೆ ಅವರು ಪ್ರಧಾನಿಯಾಗಿದ್ದದ್ದು ಆರು ವರ್ಷ. ಈ ಕುರ್ಚಿಯಲ್ಲಿ ಬಿಟ್ಟುಬಿಟ್ಟು ಕೂತದ್ದು ಅದರ ಮೂರರಷ್ಟು ಹತ್ತಿರ.

ಆ ಕುರ್ಚಿಯೂ ಸುಮ್ಮನೆ ನಿಲ್ಲಲಿಲ್ಲ. 1977ರಲ್ಲಿ, ಜೊತೆಯಲ್ಲಿ ಲಾಠಿಗೆ ಮೈಯೊಡ್ಡಿದ್ದ ರಫೀಕ್ ಶಾ ಅವರೇ ಇವರನ್ನು ಇಳಿಸಿ ತಾವು ಕೂತರು. ಮರುವರ್ಷ ಇವರು ಅವರನ್ನು ಇಳಿಸಿದರು.

ಸದನದಲ್ಲಿ, ಬಯಲು ಸಭೆಗಳಲ್ಲಿ ಅವರ ಮಾತು ಕೇಳಲೆಂದೇ ಎದುರು ಪಕ್ಷದವರೂ ಬರುತ್ತಿದ್ದರು. ಮುಖದ ಮೇಲೇ ಕಾಲೆಳೆದು ನಗಿಸುವುದಕ್ಕೆ ಟ್ರಿನಿಡಾಡಿನಲ್ಲಿ ‘ಪಿಕಾಂಗ್’ ಎನ್ನುತ್ತಾರೆ, ಅಲ್ಲಿನ ಕಲಿಪ್ಸೊ ಹಾಡುಗಾರರ ವಿದ್ಯೆ ಅದು. ಪಾಂಡೆ ಅದರಲ್ಲಿ ಪಳಗಿದ್ದರು. ನಾಟಕ ಶಾಲೆಯ ಫೀಸು ದಂಡವಾಗಲಿಲ್ಲ. ನಾನೂ ಸಿಂಹವೂ ಕಾದಾಡುವುದು ಕಂಡರೆ ನನಗಾಗಿ ಮರುಗಬೇಡಿ, ಸಿಂಹಕ್ಕೆ ಮರುಗಿ ಎಂದ ಅವರ ಮಾತು ಅಲ್ಲಿ ಗಾದೆಯಂತಾಗಿದೆ. ರಾಜಕೀಯಕ್ಕೆ ಅದರದೇ ಆದ ನೀತಿ ಇದೆ ಎಂದದ್ದೂ ಅವರೇ. ಇದನ್ನು ಕೆಲವರು ಪ್ರಾಮಾಣಿಕತೆ ಎಂದರು, ಕೆಲವರು ನಾಚಿಕೆಗೇಡು ಎಂದರು. ಬೆಳ್ಳಿಕೂದಲಿಗೂ ಬುದ್ಧಿಗೂ ಸೇರಿಸಿ ಜನ ಇಟ್ಟ ಅಡ್ಡಹೆಸರು ‘ಬೆಳ್ಳಿ ನರಿ’. ಆ ನಾಲಿಗೆಗೆ ದಂಡವೂ ಬಿತ್ತು. 1997ರ ಭಾರತೀಯರ ಆಗಮನ ದಿನದ ಭಾಷಣದಲ್ಲಿ ಮಾಧ್ಯಮ ಉದ್ಯಮಿ ಕೆನ್ ಗಾರ್ಡನ್ ಅವರನ್ನು ಜನಾಂಗದ್ವೇಷಿಯೆಂಬ ಅರ್ಥ ಬರುವಂತೆ ಬೈದು, ಮಾನನಷ್ಟ ಮೊಕದ್ದಮೆಯಲ್ಲಿ ಸೋತು, ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ ಅಲ್ಲೂ ಸೋತರು.

ಹೌದು, ಸ್ವತಂತ್ರ ಗಣರಾಜ್ಯವಾದರೂ ಟ್ರಿನಿಡಾಡಿನ ಕಟ್ಟಕಡೆಯ ಮೇಲ್ಮನವಿ ಇನ್ನೂ ಲಂಡನ್ನಿಗೇ. ಕೆರಿಬಿಯನ್ ದೇಶಗಳು ತಮ್ಮದೇ ಸರ್ವೋಚ್ಚ ನ್ಯಾಯಾಲಯ ಕಟ್ಟಲು ಹೊರಟಾಗ ಪಾಂಡೆ ಪ್ರಧಾನಿಯಾಗಿ ಒಪ್ಪಿದ್ದರು. ಕೋರ್ಟು ಪೋರ್ಟ್ ಆಫ್ ಸ್ಪೇನ್‌ನಲ್ಲೇ ಬಂದು ಕೂತಿತು. ವಿರೋಧ ಪಕ್ಷಕ್ಕೆ ಬಂದ ಮೇಲೆ ಅದೇ ಪಾಂಡೆ ಬೇಕಾದ ಓಟು ಕೊಡಲಿಲ್ಲ. ಕೋರ್ಟು ಅಲ್ಲಿದೆ, ಅಲ್ಲಿನವರ ಮೇಲ್ಮನವಿ ಮಾತ್ರ ವಿಮಾನ ಹತ್ತುತ್ತದೆ.

ಇನ್ನು ಎ.ಎನ್.ಆರ್. ರಾಬಿನ್ಸನ್ ಎಂಬ ಇನ್ನೊಬ್ಬ ವಕೀಲರ ವಿಚಾರಕ್ಕೆ ಬರಬೇಕು. ಪಾಂಡೆಯವರ ಜಾತಕದ ಪ್ರತಿ ಮನೆಯಲ್ಲೂ ಈ ಟೊಬೆಗೊದ ಮನುಷ್ಯ ಕೂತಿದ್ದಾರೆ.

1986ರಲ್ಲಿ ವಿರೋಧ ಪಕ್ಷಗಳೆಲ್ಲ ಒಂದಾಗಿ ‘ಎನ್.ಎ.ಆರ್.’ ಕಟ್ಟಿದಾಗ, ಭಾರತೀಯ ಮೂಲದವನನ್ನು ಪ್ರಧಾನಿ ಮಾಡಲು ದೇಶ ತಯಾರಿಲ್ಲವೆಂದು ಪಾಂಡೆ ಹಿಂದೆ ಸರಿದು ರಾಬಿನ್ಸನ್ ಅವರಿಗೆ ನಾಯಕತ್ವ ಬಿಟ್ಟರು. 36ರಲ್ಲಿ 33 ಸ್ಥಾನ! ಪಿ.ಎನ್.ಎಂ. ಮೂರಕ್ಕೆ ಇಳಿಯಿತು. ಪಾಂಡೆ ವಿದೇಶಾಂಗ ಸಚಿವರಾದರು. ಎದುರಾಳಿಯೇ ಇಲ್ಲದ ಸದನ. ಜಗಳ ಒಳಗೇ ಹತ್ತಿತು. ತನ್ನ ಜನರಿಗೆ ಸರ್ಕಾರದಲ್ಲಿ ಪಾಲು ಸಿಕ್ಕಿಲ್ಲವೆಂದು ಇವರು, ಸಂಪುಟದ ಶಿಸ್ತು ಮುರಿದರೆಂದು ಅವರು. 1988ರಲ್ಲಿ ರಾಬಿನ್ಸನ್ ಇವರನ್ನು ಸಂಪುಟದಿಂದ ಕೈಬಿಟ್ಟರು. ಮರುವರ್ಷ ಪಾಂಡೆ ‘ಯುನೈಟೆಡ್ ನ್ಯಾಷನಲ್ ಕಾಂಗ್ರೆಸ್’ ಕಟ್ಟಿದರು.

1990ರ ಜುಲೈ 27ರಂದು ಯಾಸಿನ್ ಅಬೂಬಕರ್ ಎಂಬಾತನ ಬಂದೂಕುಧಾರಿಗಳು ಸಂಸತ್ತಿಗೆ ನುಗ್ಗಿ ಪ್ರಧಾನಿ ರಾಬಿನ್ಸನ್ ಅವರನ್ನೇ ಒತ್ತೆ ಹಿಡಿದು ಕಾಲಿಗೆ ಗುಂಡು ಹೊಡೆದರು. ಪಾಂಡೆ ಅವತ್ತು ಸದನದಲ್ಲಿರಲಿಲ್ಲ. ಸುದ್ದಿ ಹೇಳಲು ಎಬ್ಬಿಸಿದವರಿಗೆ, ಎಲ್ಲ ಮುಗಿದ ಮೇಲೆ ಎಬ್ಬಿಸಿ ಎಂದರೆಂಬ ಮಾತು ಅವರ ಬೆನ್ನು ಬಿಡಲೇ ಇಲ್ಲ.

1995ರ ನವೆಂಬರ್ 6. ಪಾಂಡೆಯವರಿಗೆ 17, ಪಿ.ಎನ್.ಎಂ.ಗೆ 17, ಟೊಬೆಗೊದ ಎರಡು ಸ್ಥಾನ ರಾಬಿನ್ಸನ್ ಅವರ ಪಕ್ಷಕ್ಕೆ. ಏಳು ವರ್ಷದ ಹಿಂದೆ ಹೊರಹಾಕಿದ್ದ ರಾಬಿನ್ಸನ್ ಈಗ ಪಾಂಡೆಯವರ ಕೈಹಿಡಿದರು. ಮೂರನೆಯ ದಿನ ಟ್ರಿನಿಡಾಡಿಗೆ ಭಾರತೀಯ ಮೂಲದ ಮೊದಲ ಪ್ರಧಾನಿ. ‘ಫತೇಲ್ ರಜಾಕ್’ ದಡ ಮುಟ್ಟಿ ಅವತ್ತಿಗೆ ನೂರೈವತ್ತು ವರ್ಷ. 1997ರಲ್ಲಿ ಪಾಂಡೆ ರಾಬಿನ್ಸನ್ ಅವರನ್ನು ರಾಷ್ಟ್ರಾಧ್ಯಕ್ಷರನ್ನಾಗಿ ಮಾಡಿದರು. ನಾವು ಟಿ.ವಿ.ಯಲ್ಲಿ ನೋಡಿದ್ದು ಆ ದಿನಗಳಲ್ಲೇ: ಹದಿಮೂರು ಪಕ್ಷಗಳ ಹೆಗಲ ಮೇಲಿದ್ದ ನಮ್ಮ ಗೌಡರು, ಎರಡು ಸ್ಥಾನಗಳ ಹೆಗಲ ಮೇಲಿದ್ದ ಅವರು, ಪಕ್ಕಪಕ್ಕದಲ್ಲಿ. ಗೌಡರ ಸರ್ಕಾರ ಏಪ್ರಿಲ್‌ಗೆ ಬಿತ್ತು. ಪಾಂಡೆ ಅದೇ ಪ್ರವಾಸದಲ್ಲಿ ಆಜಂಗಢ ಜಿಲ್ಲೆಯ ಲಕ್ಷ್ಮಣಪುರಕ್ಕೆ, ತಮ್ಮ ಹಿರೀಕರ ಹಳ್ಳಿಗೆ ಹೋಗಿಬಂದರು.

2000ದ ಚುನಾವಣೆಯಲ್ಲಿ 19 ಸ್ಥಾನ, ಸ್ಪಷ್ಟ ಬಹುಮತ. ಮತ್ತೆ ಅದೇ ಚಾಳಿ. ಪಿಯಾರ್ಕೊ ವಿಮಾನ ನಿಲ್ದಾಣದ ಕಾಮಗಾರಿಯಲ್ಲಿ ಅವ್ಯವಹಾರದ ದೂರು ಎದ್ದಿತ್ತು. ಅಟಾರ್ನಿ ಜನರಲ್ ರಮೇಶ್ ಲಾರೆನ್ಸ್ ಮಹಾರಾಜ್ ಸೇರಿ ಪಕ್ಷದ ಮೂವರು ಸಿಡಿದು ಹೊರನಡೆದರು. ಒಂದೇ ವರ್ಷಕ್ಕೆ ಮತ್ತೆ ಚುನಾವಣೆ. 2001ರ ಡಿಸೆಂಬರ್ 10ರ ಫಲಿತಾಂಶ: 18ಕ್ಕೆ 18.

ಇಲ್ಲಿ ನಾನು ವಕೀಲನಾಗಿ ಸ್ವಲ್ಪ ನಿಲ್ಲುತ್ತೇನೆ. ಬಹುಮತ ಯಾರಿಗೂ ಇಲ್ಲದಾಗ, ಹೆಚ್ಚು ಸದಸ್ಯರ ಬೆಂಬಲ ಪಡೆಯಬಲ್ಲವನೆಂದು ಅಧ್ಯಕ್ಷರಿಗೆ ತೋರಿದವನನ್ನು ಪ್ರಧಾನಿ ಮಾಡಬೇಕು ಎನ್ನುತ್ತದೆ ಅಲ್ಲಿನ ಸಂವಿಧಾನ. ಎರಡು ತಟ್ಟೆಯೂ ಸಮವಾದರೆ? ಪಾಂಡೆ, ಪಿ.ಎನ್.ಎಂ.ನ ಪ್ಯಾಟ್ರಿಕ್ ಮ್ಯಾನಿಂಗ್ ಇಬ್ಬರೂ ಹೋಟೆಲೊಂದರಲ್ಲಿ ಕೂತು, ಅಧ್ಯಕ್ಷರು ಹೇಳಿದಂತೆ ಕೇಳುತ್ತೇವೆಂದು ಒಪ್ಪಂದಕ್ಕೆ ಬಂದರು. ಅಧ್ಯಕ್ಷರು ಯಾರು? ರಾಬಿನ್ಸನ್. ಕ್ರಿಸ್‌ಮಸ್ ಹಿಂದಿನ ದಿನ ಅವರು ನೈತಿಕ, ಆಧ್ಯಾತ್ಮಿಕ ಮೌಲ್ಯಗಳ ಮಾತೆತ್ತಿ ಮ್ಯಾನಿಂಗ್ ಅವರನ್ನು ಆರಿಸಿದರು. ಅಧಿಕಾರದಲ್ಲಿದ್ದವನನ್ನು ಮುಂದುವರಿಸುವುದು ವೆಸ್ಟ್‌ಮಿನ್‌ಸ್ಟರ್ ಪದ್ಧತಿ ಎಂದು ಪಾಂಡೆ ವಾದಿಸಿದರು. ವಾದದಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ. ಆಧ್ಯಾತ್ಮವನ್ನು ತೂಗುವ ತಕ್ಕಡಿ ಯಾವ ಕಾಯ್ದೆಯಲ್ಲಿದೆ? ಆದರೆ ತೀರ್ಪು ಒಪ್ಪುತ್ತೇನೆಂದು ಮಾತು ಕೊಟ್ಟ ಮೇಲೆ ತೀರ್ಪುಗಾರನನ್ನು ಬೈದರೆ ನಮ್ಮ ಪಂಚಾಯ್ತಿ ಕಟ್ಟೆಯಲ್ಲೂ ಯಾರೂ ಕೇಳುವುದಿಲ್ಲ.

ಮುನಿದ ಪಾಂಡೆ ವಿರೋಧ ಪಕ್ಷದ ನಾಯಕನ ಹುದ್ದೆಯನ್ನೂ ಮುಟ್ಟಲಿಲ್ಲ. ಸದನ ಸೇರಿದರೆ ಸ್ಪೀಕರ್ ಆಯ್ಕೆಗೇ 18ಕ್ಕೆ 18. ಸ್ಪೀಕರ್ ಇಲ್ಲ, ಸದನ ಇಲ್ಲ. ಮ್ಯಾನಿಂಗ್ ತಿಂಗಳುಗಟ್ಟಲೆ ಸಂಸತ್ತಿಲ್ಲದೆ ಆಳಿದರು. 2002ರ ಅಕ್ಟೋಬರ್‌ನಲ್ಲಿ ಮತ್ತೆ ಚುನಾವಣೆ, ಪಾಂಡೆಗೆ 16. ಮುಂದೆ 2007ರಲ್ಲಿ ಸ್ಥಾನಗಳನ್ನು 41ಕ್ಕೆ ಏರಿಸಿ ಬೆಸ ಸಂಖ್ಯೆ ಮಾಡಿಬಿಟ್ಟರು.

ಅಷ್ಟರಲ್ಲಿ ಕೋರ್ಟು ಅವರನ್ನೇ ಕಟಕಟೆಗೆ ಕರೆದಿತ್ತು. ಪ್ರಧಾನಿಯಾಗಿದ್ದಾಗ ಲಂಡನ್ನಿನ ಬ್ಯಾಂಕ್ ಖಾತೆಯೊಂದನ್ನು ಆಸ್ತಿ ವಿವರದಲ್ಲಿ ತೋರಿಸಲಿಲ್ಲವೆಂಬ ಆರೋಪ. ಅದು ಹೆಂಡತಿಯ ಖಾತೆ, ಮಕ್ಕಳ ಓದಿಗೆ ಇಟ್ಟದ್ದು ಎಂದು ಅವರ ವಾದ. 2006ರ ಏಪ್ರಿಲ್ 24ರಂದು ಎರಡು ವರ್ಷದ ಕಠಿಣ ಸಜೆಯಾಯಿತು, ವಿರೋಧ ಪಕ್ಷದ ನಾಯಕನ ಕುರ್ಚಿ ಹೋಯಿತು. ಮರುವರ್ಷ ಮೇಲ್ಮನವಿಯಲ್ಲಿ, ತೀರ್ಪು ಕೊಟ್ಟ ಮ್ಯಾಜಿಸ್ಟ್ರೇಟರ ನಿಷ್ಪಕ್ಷಪಾತದ ಬಗ್ಗೆ ಸಂಶಯಕ್ಕೆ ಎಡೆಯಿದೆಯೆಂದು ಅದು ರದ್ದಾಗಿ ಮರುವಿಚಾರಣೆಗೆ ಹೋಯಿತು. 2012ರಲ್ಲಿ ಮೊಕದ್ದಮೆ ನಿಂತೇ ಹೋಯಿತು. ಖುಲಾಸೆಯೂ ಅಲ್ಲ, ಶಿಕ್ಷೆಯೂ ಅಲ್ಲ. ಇಂಥ ಕಡತಗಳನ್ನು ನಾನು ಎಷ್ಟೋ ನೋಡಿದ್ದೇನೆ. ಕಕ್ಷಿದಾರ ಗೆದ್ದೆ ಎನ್ನುತ್ತಾನೆ, ಊರವರು ನಂಬುವುದಿಲ್ಲ.

ಅವರನ್ನು ಕಡೆಗೂ ಸೋಲಿಸಿದ್ದು ಎದುರು ಪಕ್ಷವಲ್ಲ. 2010ರ ಜನವರಿ 24ರ ಪಕ್ಷದ ಒಳಚುನಾವಣೆಯಲ್ಲಿ, ಅವರೇ ಬೆಳೆಸಿ ಮಂತ್ರಿ ಮಾಡಿದ್ದ ವಕೀಲೆ ಕಮಲಾ ಪರ್ಸಾದ್ ಬಿಸೇಸರ್ ಪಾಂಡೆಯವರನ್ನು ಮಣಿಸಿದರು. ನಾಲ್ಕು ತಿಂಗಳಲ್ಲಿ ಆಕೆ ದೇಶದ ಮೊದಲ ಮಹಿಳಾ ಪ್ರಧಾನಿ. ಆಮೇಲೆ ಆಕೆಯೂ ವಿರೋಧ ಪಕ್ಷದ ಕುರ್ಚಿಯಲ್ಲಿ ಹತ್ತು ವರ್ಷದ ಹತ್ತಿರ ಕೂತು, 2025ರಲ್ಲಿ ಮತ್ತೆ ಪ್ರಧಾನಿಯಾಗಿದ್ದಾರೆ. ಎಪ್ಪತ್ತಾರನೆಯ ವಯಸ್ಸಿನಲ್ಲಿ ಸೋತ ಪಾಂಡೆ ಮುಂದೆ ಆಕೆಯನ್ನೂ ಬಿಡದೆ ಟೀಕಿಸಿದರು.

ಪಾಂಡೆಯವರನ್ನು ಮೇಲೆತ್ತಿದ ಕಬ್ಬು ಅಷ್ಟರಲ್ಲಿ ಇರಲೇ ಇಲ್ಲ. 2003ರಲ್ಲಿ ಸರ್ಕಾರಿ ಸಕ್ಕರೆ ಕಂಪನಿ ‘ಕರೋನಿ’ಯನ್ನು ಮುಚ್ಚಿ ಸುಮಾರು ಒಂಬತ್ತು ಸಾವಿರ ಜನರನ್ನು ಮನೆಗೆ ಕಳಿಸಿದರು. ನಾಲ್ಕು ವರ್ಷದಲ್ಲಿ ಕೊನೆಯ ಕಾರ್ಖಾನೆಯೂ ಅರೆಯುವುದು ನಿಲ್ಲಿಸಿತು.

2024ರ ಜನವರಿ 1ರಂದು ಪಾಂಡೆ ಅಮೆರಿಕದ ಫ್ಲಾರಿಡಾದಲ್ಲಿ ತೀರಿಕೊಂಡರು, ತೊಂಬತ್ತು ವರ್ಷ. ಸ್ಯಾನ್ ಫರ್ನಾಂಡೊದಲ್ಲಿ, ಹಿಂದೆ ಅವರು ಕೋರ್ಟಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಅದೇ ಪಟ್ಟಣದಲ್ಲಿ, ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು. ಸುದ್ದಿ ಓದಿದ ದಿನ ಅಪ್ಪನಿಗೆ ಹೇಳೋಣವೆನಿಸಿತು. ಅವರು ಹೋಗಿ ಹನ್ನೊಂದು ವರ್ಷವಾಗಿತ್ತು. ಫೈಲು ತೆಗೆದು ಚೀಟಿ ನೋಡಿದೆ. ಮಸಿ ಮಾಸಿದೆ, ಅಂಕಿ ಕಾಣುತ್ತದೆ: 1 ಟನ್ 640.